ಕಲ್ಲೂ ಕಡತವೂ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮೈಸೂರು ರಸ್ತೆಗೆ ಹೊಂದಿಕೊಂಡಂತೆ ದೀಪಾಂಜಲಿ ನಗರವೆಂಬ ಬಡಾವಣೆಯಿದೆ. ೨೦೧೫ರಿಂದ ಅಲ್ಲಿ ಮೆಟ್ರೋ ರೈಲಿನ ನಿಲ್ದಾಣವೂ ಉಂಟು. ಎತ್ತರದಲ್ಲಿರುವ ಆ ನಿಲ್ದಾಣದಿಂದ ನೋಡುವವರಿಗೆ ಕಾಣುವುದು ಒತ್ತೊತ್ತಾಗಿ ನಿಂತ ಮನೆಗಳು ಮತ್ತು ಎಡೆಬಿಡದೆ ಸಾಗುವ ವಾಹನಗಳು. ಸಮೀಪದಲ್ಲಿಯೇ ವೃಷಭಾವತಿ ಹರಿಯುತ್ತದೆ. ಒಂದು ಕಾಲಕ್ಕೆ ತಿಳಿನೀರಿನ ಹೊಳೆಯಾಗಿದ್ದ ಅದು ಈಗ ನಗರದ ಕೊಳಚೆಯನ್ನು ಹೊತ್ತೊಯ್ಯುವ ಕಾಲುವೆಯಂತಾಗಿದೆ. ಇಲ್ಲಿ ಹಳೆಯದೆಂಬುದು ಏನೂ ಉಳಿದಿಲ್ಲವೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಸುತ್ತಮುತ್ತಲಿನ ಹೆಸರುಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ಬ್ಯಾಟರಾಯನಪುರ, ಗಂಗೊಂಡನಹಳ್ಳಿ, ನಾಯಂಡಹಳ್ಳಿ, ಅತ್ತಿಗುಪ್ಪೆ - ಇವೆಲ್ಲ ನಗರವು ಬೆಳೆದು ಬಂದು ತನ್ನೊಳಗೆ ಸೇರಿಸಿಕೊಂಡ ಹಳ್ಳಿಗಳು. ಹೊಲಗಳು ಹೋದವು, ಕೆರೆಗಳು ಹೋದವು. ಹೆಸರುಗಳು ಮಾತ್ರ ಉಳಿದವು.

ಬ್ಯಾಟರಾಯನಪುರದ ಗಾಳಿ ಆಂಜನೇಯಸ್ವಾಮಿ ದೇವಾಲಯವನ್ನು ಬೆಂಗಳೂರಿನಲ್ಲಿ ಅರಿಯದವರು ಕಡಮೆ. ಹೊಸ ವಾಹನ ಕೊಂಡ ಹಲವರು ಅದನ್ನು ಮೊದಲು ಪೂಜೆಗೆ ತರುವುದು ಇಲ್ಲಿಗೇ. ಈ ದೇವಾಲಯವನ್ನು ವ್ಯಾಸರಾಯರು ೧೪೨೫ರಲ್ಲಿ ಸ್ಥಾಪಿಸಿದರೆಂಬ ಮಾತು ಬಾಯಿಂದ ಬಾಯಿಗೆ ಬಂದಿದೆ. ಅಚ್ಚಿನಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ವ್ಯಾಸರಾಯರು ವಿಜಯನಗರದ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿದ್ದ ಯತಿಗಳು, ಪುರಂದರದಾಸರ ಗುರುಗಳು. ಅವರು ನಾಡಿನಾದ್ಯಂತ ಏಳುನೂರ ಮೂವತ್ತೆರಡು ಹನುಮಂತನ ಮೂರ್ತಿಗಳನ್ನು ಪ್ರತಿಷ್ಠಿಸಿದರೆಂದು ಸಂಪ್ರದಾಯ ಹೇಳುತ್ತದೆ. ಅವರು ದೇಹ ಬಿಟ್ಟದ್ದು ೧೫೩೯ರಲ್ಲಿ. ಹುಟ್ಟಿದ್ದು ೧೪೬೦ರ ಸುಮಾರಿನಲ್ಲಿ ಎಂದು ಕೆಲವರು, ೧೪೪೭ರಲ್ಲಿ ಎಂದು ಕೆಲವರು ಬರೆದಿದ್ದಾರೆ. ಯಾವುದನ್ನು ಒಪ್ಪಿದರೂ ೧೪೨೫ರಲ್ಲಿ ಅವರು ಇನ್ನೂ ಜನಿಸಿರಲಿಲ್ಲ! ಹಾಗಾದರೆ ತಪ್ಪಾಗಿರುವುದು ವರ್ಷವೋ, ಸ್ಥಾಪಕರ ಹೆಸರೋ? ಭಕ್ತರ ಶ್ರದ್ಧೆಗೆ ಈ ಪ್ರಶ್ನೆಯಿಂದ ಯಾವ ಕುಂದೂ ಬಾರದು. ಆದರೆ ಚರಿತ್ರೆಗೆ ಉತ್ತರ ಬೇಕು. ಆ ಉತ್ತರವನ್ನು ಊಹೆಯಿಂದ ಕೊಡಲಾಗದು. ಅದಕ್ಕೆ ದಾಖಲೆ ಬೇಕು.

ಬಾಯಿಮಾತಿಗೂ ದಾಖಲೆಗೂ ಇರುವ ಅಂತರವನ್ನು ಬೆಂಗಳೂರಿನ ಹೆಸರೇ ತೋರಿಸಿಕೊಡುತ್ತದೆ. ಹೊಯ್ಸಳ ಬಲ್ಲಾಳನು ಬೇಟೆಗೆ ಬಂದು ದಾರಿ ತಪ್ಪಿ, ಹಸಿದು ಬಳಲಿದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ, ಅದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂದಿತೆಂದೂ ಮಕ್ಕಳೆಲ್ಲ ಕೇಳಿದ್ದಾರೆ. ಸೊಗಸಾದ ಕಥೆ, ಸಂದೇಹವಿಲ್ಲ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ೮೯೦ಕ್ಕೆ ಸೇರಿದ ಗಂಗರ ಕಾಲದ ವೀರಗಲ್ಲೊಂದಿದೆ. ಬೆಂಗಳೂರಿನ ಕಾಳಗದಲ್ಲಿ ವೀರನೊಬ್ಬನು ಮಡಿದ ಸಂಗತಿಯನ್ನು ಅದು ತಿಳಿಸುತ್ತದೆ. ಬಲ್ಲಾಳರು ಹುಟ್ಟುವ ಮೊದಲೇ ಬೆಂಗಳೂರೆಂಬ ಊರು ಇತ್ತು, ಅಲ್ಲೊಂದು ಯುದ್ಧವೂ ನಡೆದಿತ್ತು. ಈ ಶಾಸನವನ್ನು ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು. ಕಲ್ಲು ಸಾವಿರ ವರ್ಷ ಅಲ್ಲಿಯೇ ನಿಂತಿತ್ತು. ಅದನ್ನು ಓದಿ, ಬರೆದು, ಅಚ್ಚು ಮಾಡಿ ಎಲ್ಲರ ಕೈಗೂ ಸಿಗುವಂತೆ ಮಾಡಿದ ಮೇಲೆಯೇ ಅದು ನಾಡಿನ ಚರಿತ್ರೆಯಾಯಿತು.

ಇಂಥ ಕೆಲಸವನ್ನು ಮೈಸೂರು ಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿದವರು ಬೆಂಜಮಿನ್ ಲೂಯಿಸ್ ರೈಸ್. ಅವರು ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ಓದು ಮುಗಿಸಿ ೧೮೬೦ರಲ್ಲಿ ಹಿಂದಿರುಗಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಬಳಿಕ ವಿದ್ಯಾ ಇಲಾಖೆಯಲ್ಲಿ ಶಾಲೆಗಳ ತನಿಖೆಗಾಗಿ ಊರೂರು ಸುತ್ತುತ್ತಿದ್ದಾಗ ದಾರಿಯಲ್ಲಿ ಕಂಡ ಶಾಸನದ ಕಲ್ಲುಗಳು ಅವರ ಮನಸ್ಸನ್ನು ಸೆಳೆದವು. ೧೮೮೫ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯು ಆರಂಭವಾದಾಗ ಅದರ ಹೊಣೆ ಅವರಿಗೆ ಬಂದಿತು. ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಹೆಸರಿನಲ್ಲಿ ೧೮೮೬ರಿಂದ ೧೯೦೫ರವರೆಗೆ ಹನ್ನೆರಡು ಸಂಪುಟಗಳು ಹೊರಬಂದವು. ಸುಮಾರು ಒಂಬತ್ತು ಸಾವಿರ ಶಾಸನಗಳು ಅವುಗಳಲ್ಲಿ ಅಡಗಿವೆ. ಬೆಂಗಳೂರು ಜಿಲ್ಲೆಗೆ ಮೀಸಲಾದ ಒಂಬತ್ತನೆಯ ಸಂಪುಟ ಪ್ರಕಟವಾದದ್ದು ೧೯೦೫ರಲ್ಲಿ. ಪರಊರಿನ ವಿದ್ವಾಂಸರ ಮನೆಯ ಗ್ರಂಥವೆಂದು ಅದನ್ನು ದೂರವಿಡಬೇಕಾಗಿಲ್ಲ; ದೊಡ್ಡ ಗ್ರಂಥಾಲಯಗಳಲ್ಲಿ ಅದು ಸಿಗುತ್ತದೆ, ಗಣಕಯಂತ್ರದ ಮೂಲಕವೂ ಉಚಿತವಾಗಿ ಓದಬಹುದು.

ಕಲ್ಲಿನ ಮೇಲಿನ ಬರಹವು ಪುಸ್ತಕಕ್ಕೆ ಬಂದ ಬಗೆ ತಿಳಿಯತಕ್ಕದ್ದು. ಶತಮಾನಗಳ ಮಳೆಬಿಸಿಲಿಗೆ ಸವೆದ ಅಕ್ಷರಗಳನ್ನು ಬರಿಗಣ್ಣಿನಿಂದ ಓದಿ ಬರೆದುಕೊಂಡರೆ ತಪ್ಪುಗಳು ನುಸುಳುವುದು ಖಂಡಿತ. ಆದುದರಿಂದ ಪಡಿಯಚ್ಚು ತೆಗೆಯುವ ಪದ್ಧತಿ ಬೆಳೆದು ಬಂದಿತು. ಮೊದಲು ಕಲ್ಲಿಗೆ ಮೆತ್ತಿದ ಮಣ್ಣು, ಸುಣ್ಣ, ಎಣ್ಣೆಯ ಜಿಡ್ಡುಗಳನ್ನು ನೀರಿನಿಂದ ತೊಳೆಯುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಗಟ್ಟಿ ಕೂದಲಿನ ಕುಂಚದಿಂದ ಮೆಲ್ಲಮೆಲ್ಲನೆ ಬಡಿಯುತ್ತಾರೆ. ಕಾಗದವು ಅಕ್ಷರದ ತಗ್ಗುಗಳೊಳಗೆ ಇಳಿದು ಕೂರುತ್ತದೆ. ಅನಂತರ ಬಟ್ಟೆಯ ಉಂಡೆಗೆ ಕಪ್ಪು ಮಸಿಯನ್ನು ತಾಗಿಸಿ ಕಾಗದದ ಮೇಲೆ ಹಗುರವಾಗಿ ಒತ್ತುತ್ತಾರೆ. ಮಸಿ ಹತ್ತುವುದು ಉಬ್ಬಿದ ಜಾಗಕ್ಕೆ ಮಾತ್ರ. ತಗ್ಗಿನಲ್ಲಿರುವ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಒಣಗಿದ ಕಾಗದವನ್ನು ಬಿಡಿಸಿಕೊಂಡರೆ ಕಲ್ಲಿನ ನೆರಳೇ ಕೈಗೆ ಬಂದಂತೆ. ವಿದ್ವಾಂಸರು ಅದನ್ನು ಹಗಲಿರುಳು ಮುಂದಿಟ್ಟುಕೊಂಡು ಓದಬಹುದು. ಕಲ್ಲನ್ನು ಊರಿನಿಂದ ಕದಲಿಸಬೇಕಾಗಿಲ್ಲ. ಮುಂದೆ ಆ ಕಲ್ಲೇ ಒಡೆದುಹೋದರೂ ಮಾತು ಉಳಿಯುತ್ತದೆ.

ಮಲ್ಲೇಶ್ವರದ ಸಂಗತಿಯನ್ನು ನೋಡಬಹುದು. ಅಲ್ಲಿಯ ಕಾಡುಮಲ್ಲೇಶ್ವರ ದೇವಾಲಯದ ಬಳಿಯ ಬಂಡೆಯೊಂದರ ಮೇಲೆ ೧೬೬೯ರ ಶಾಸನವಿದೆ. ಶಿವಾಜಿಯ ತಂದೆಯಾದ ಷಹಜಿಗೆ ಬೆಂಗಳೂರು ಜಹಗೀರಾಗಿ ಬಂದಿತ್ತು. ಅವನ ಬಳಿಕ ಶಿವಾಜಿಯ ಮಲತಮ್ಮನಾದ ಏಕೋಜಿಯು ಇಲ್ಲಿಯ ಅಧಿಕಾರವನ್ನು ವಹಿಸಿಕೊಂಡನು. ಮಲ್ಲಪುರದ ಮಲ್ಲಿಕಾರ್ಜುನ ದೇವರ ಸೇವೆಗಾಗಿ ಏಕೋಜಿಯು ಮೇದರನಿಂಗನಹಳ್ಳಿಯನ್ನು ದಾನವಾಗಿ ಬಿಟ್ಟನೆಂದು ಶಾಸನ ಹೇಳುತ್ತದೆ. ಮಲ್ಲೇಶ್ವರವೆಂಬ ಬಡಾವಣೆ ಹುಟ್ಟುವುದಕ್ಕೆ ಎರಡು ಶತಮಾನಗಳಷ್ಟು ಹಿಂದೆ ಅಲ್ಲಿ ಮಲ್ಲಪುರವಿತ್ತು, ಪಕ್ಕದಲ್ಲಿ ಮೇದರನಿಂಗನಹಳ್ಳಿಯಿತ್ತು. ಆ ಹಳ್ಳಿಯನ್ನು ಇಂದು ಯಾವ ಬಸ್ಸಿನ ಫಲಕದಲ್ಲಿಯೂ ಕಾಣಲಾಗದು. ದಾನ ಕೊಟ್ಟವನೂ ಇಲ್ಲ, ದಾನವಾದ ಹಳ್ಳಿಯೂ ಇಲ್ಲ. ನಡೆದದ್ದನ್ನು ಹೇಳಲು ಬಂಡೆಯೂ ಅದರ ನಕಲೂ ಇವೆ.

ಶಾಸನದ ಸಂಪುಟ ಕೈಗೆ ಬಂದೊಡನೆ ಎಲ್ಲವೂ ಸುಲಭವಾಗಿಬಿಡುವುದಿಲ್ಲ. ರೈಸರ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕಿಗೆ ತಕ್ಕಂತೆ ವಿಂಗಡಿಸಿ ಕ್ರಮಸಂಖ್ಯೆಯನ್ನು ಕೊಟ್ಟಿದೆ. ಪ್ರತಿಯೊಂದರ ತಲೆಯ ಮೇಲೆ ಊರು, ಹೋಬಳಿ ಮತ್ತು ಕಲ್ಲು ನಿಂತಿದ್ದ ಜಾಗವನ್ನು ಹೇಳಿದೆ. ಈ ಹೋಬಳಿಯ ಹೆಸರನ್ನು ಅನೇಕರು ಕಣ್ಣು ಹಾಯಿಸದೆ ದಾಟಿಬಿಡುತ್ತಾರೆ. ಆದರೆ ಬೆಂಗಳೂರಿನಲ್ಲಿ ಬ್ಯಾಟರಾಯನಪುರಗಳು ಎರಡು! ಒಂದು ಮೈಸೂರು ರಸ್ತೆಯಲ್ಲಿ, ಕೆಂಗೇರಿ ಹೋಬಳಿಯದು. ಇನ್ನೊಂದು ಬಳ್ಳಾರಿ ರಸ್ತೆಯಲ್ಲಿ, ಯಲಹಂಕ ಹೋಬಳಿಯದು. ಹೆಸರೊಂದನ್ನೇ ನಂಬಿ ಹೊರಟವನು ದಕ್ಷಿಣದ ಊರಿನ ಚರಿತ್ರೆಯನ್ನು ಉತ್ತರದ ಊರಿಗೆ ಕಟ್ಟಿಬಿಡುವುದುಂಟು. ಇನ್ನು ‘ಊರಿನ ಪೂರ್ವಕ್ಕೆ, ಇಂಥವರ ಹೊಲದಲ್ಲಿ’ ಎಂಬಂಥ ಗುರುತು ಇದ್ದಾಗ, ನೂರು ವರ್ಷದ ಹಿಂದಿನ ಆ ಹೊಲ ಈಗ ಯಾವ ಅಡ್ಡರಸ್ತೆಯಾಗಿದೆಯೆಂದು ಕಂಡುಕೊಳ್ಳುವುದು ಹೇಗೆ? ಇಲ್ಲಿ ಕಂದಾಯದ ದಾಖಲೆಗಳು ಸಹಾಯಕ್ಕೆ ಬರುತ್ತವೆ. ಭೂಮಾಪನ ಇಲಾಖೆಯಲ್ಲಿ ಪ್ರತಿಯೊಂದು ಗ್ರಾಮದ ನಕ್ಷೆಯೂ ಇರುತ್ತದೆ. ಅದರಲ್ಲಿ ಸರ್ವೆ ನಂಬರುಗಳು, ಕೆರೆಕಟ್ಟೆಗಳು, ಗುಡಿಗಳು, ಬಂಡಿದಾರಿಗಳು ಗುರುತಾಗಿವೆ. ಹಳೆಯ ನಕ್ಷೆಯನ್ನು ಈಗಿನ ಬಡಾವಣೆಯ ನಕ್ಷೆಯ ಜೊತೆಗಿಟ್ಟು ನೋಡಿದರೆ ಮುಚ್ಚಿಹೋದ ಊರು ಒಂದೊಂದಾಗಿ ತಲೆಯೆತ್ತುತ್ತದೆ. ದೇವಾಲಯಕ್ಕೆ ಬಿಟ್ಟ ಇನಾಮು ಭೂಮಿಯ ವಿವರ, ಮುಜರಾಯಿ ಇಲಾಖೆಯ ಪತ್ರಗಳು, ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು - ಒಂದರಲ್ಲಿ ಕಾಣದ್ದು ಮತ್ತೊಂದರಲ್ಲಿ ಸಿಕ್ಕೀತು.

ದಾಖಲೆಗೆ ಬಾರದ ಕಲ್ಲಿನ ಗತಿಯೇನು? ಹೆಬ್ಬಾಳದಲ್ಲಿ ೨೦೧೮ರಲ್ಲಿ ನೆಲ ಅಗೆಯುವ ಕೆಲಸ ನಡೆದಿದ್ದಾಗ ವೀರಗಲ್ಲೊಂದು ಹೊರಬಂದಿತು. ಕಿತ್ತಯ್ಯನೆಂಬ ವೀರನು ರಟ್ಟವಾಡಿಯವರ ದಾಳಿಯನ್ನು ಎದುರಿಸಿ ಮಡಿದ ವಿಷಯವನ್ನು ತಿಳಿಸುವ ಆ ಕಲ್ಲು ಗಂಗರ ಶ್ರೀಪುರುಷನ ಕಾಲದ್ದು. ಸುಮಾರು ೭೫೦ಕ್ಕೆ ಸೇರಿದ್ದು. ಬೇಗೂರಿನ ಶಾಸನಕ್ಕಿಂತ ಒಂದು ಶತಮಾನಕ್ಕೂ ಹೆಚ್ಚು ಹಳೆಯದು. ರೈಸರ ಕಣ್ಣಿಗೂ ಅವರ ಬಳಿಕ ಬಂದವರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಆಸಕ್ತರು ಸಕಾಲದಲ್ಲಿ ಗುರುತಿಸಿ ಓದಿಸಿದ್ದರಿಂದ ಕಲ್ಲು ಉಳಿಯಿತು; ಊರಿನವರು ಅದಕ್ಕೊಂದು ಮಂಟಪವನ್ನೂ ಕಂಡರು. ಆ ದಿನ ಅಲ್ಲಿ ಬಲ್ಲವರು ಯಾರೂ ಸುಳಿಯದೆ ಹೋಗಿದ್ದರೆ ಕಿತ್ತಯ್ಯನು ಚರಂಡಿಯ ಅಂಚಿನ ಚಪ್ಪಡಿಯಾಗುತ್ತಿದ್ದನು. ಹಾಗೆ ಚಪ್ಪಡಿಯಾದ, ಜಲ್ಲಿಯಾದ, ಮನೆಯ ಮೆಟ್ಟಿಲಾದ ಕಲ್ಲುಗಳನ್ನು ಎಣಿಸಿದವರಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ಇಲ್ಲಿಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಯಂತ್ರದಿಂದ ದಾಖಲಿಸುವ ಕಾರ್ಯವನ್ನು ಕೈಗೊಂಡಿದೆ. ಕಲ್ಲಿನ ಉಬ್ಬುತಗ್ಗುಗಳನ್ನು ಕೂದಲೆಳೆಯಷ್ಟೂ ಬಿಡದೆ ಅಳೆಯುವ ಈ ವಿಧಾನದಿಂದ ಪಡಿಯಚ್ಚಿಗೆ ಸಿಗದಿದ್ದ ಅಕ್ಷರಗಳೂ ತೋರುತ್ತವೆ.

ಕಾನೂನಿನ ರಕ್ಷಣೆಯೂ ಪಟ್ಟಿಯನ್ನು ನೋಡಿಯೇ ಬರುತ್ತದೆ. ಕೇಂದ್ರ ಸರ್ಕಾರದ ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಟಿಪ್ಪುಸುಲ್ತಾನನ ಅರಮನೆಯಂಥ ಕಟ್ಟಡಗಳನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯು ಕಾಪಾಡುತ್ತದೆ. ೨೦೧೦ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಗಡಿಯಿಂದ ೧೦೦ ಮೀಟರಿನೊಳಗೆ ಹೊಸ ಕಟ್ಟಡವನ್ನು ಕಟ್ಟಕೂಡದು. ಅದರಾಚೆಯ ೨೦೦ ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ರಾಜ್ಯದ ಸ್ಮಾರಕಗಳಿಗೆ ೧೯೬೧ರ ಕರ್ನಾಟಕ ಕಾಯಿದೆಯುಂಟು. ಈ ಎರಡು ಪಟ್ಟಿಗಳಲ್ಲಿಯೂ ಹೆಸರಿಲ್ಲದ ಮಂಟಪ, ಕಲ್ಯಾಣಿ, ವೀರಗಲ್ಲುಗಳ ಸಂಖ್ಯೆಯೇ ದೊಡ್ಡದು. ಅವುಗಳಿಗೆ ಕಾವಲು ಊರಿನ ಜನರ ತಿಳಿವಳಿಕೆಯೊಂದೇ. ಹೀಗಿರುವಾಗ, ಒಂದು ಹಳೆಯ ಕಟ್ಟಡವು ಪಟ್ಟಿಯಲ್ಲಿದೆಯೆ, ಇದ್ದರೆ ಅದರ ಗಡಿ ಎಲ್ಲಿಯವರೆಗೆ ಎಂದು ಕೇಳುವುದು ಬರಿಯ ಕುತೂಹಲದ ಪ್ರಶ್ನೆಯಾಗುವುದಿಲ್ಲ. ಗೋಡೆ ಕೆಡವುವ ಯಂತ್ರ ಬಂದು ನಿಂತ ದಿನ ಆ ಒಂದು ಹಾಳೆಯೇ ಕಟ್ಟಡವನ್ನು ಉಳಿಸಬಲ್ಲುದು.

ಆ ಹಾಳೆ ಇರುವುದು ಎಲ್ಲಿ? ಕರ್ನಾಟಕದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲಿದೆ. ದೇಶದ ಶಾಸನಗಳ ಪಡಿಯಚ್ಚುಗಳ ದೊಡ್ಡ ಸಂಗ್ರಹವಿರುವ ಶಾಸನಶಾಸ್ತ್ರ ವಿಭಾಗವೂ ಆ ನಗರದಲ್ಲಿಯೇ ಇದೆ. ಹಿಂದಿನ ಮೈಸೂರು ಸರ್ಕಾರದ ಕಡತಗಳನ್ನು ರಾಜ್ಯ ಪತ್ರಾಗಾರ ಇಲಾಖೆಯು ಬೆಂಗಳೂರಿನಲ್ಲಿ ಜೋಪಾನ ಮಾಡಿದೆ. ಪತ್ರಾಗಾರವು ಗ್ರಂಥಾಲಯದಂಥದಲ್ಲ. ಅಲ್ಲಿ ಕಪಾಟಿನ ಬಳಿಗೆ ಹೋಗಿ ಬೇಕಾದುದನ್ನು ಎಳೆದುಕೊಳ್ಳಲಾಗದು. ವಿಷಯಸೂಚಿಯನ್ನು ನೋಡಿ, ಕಡತದ ಸಂಖ್ಯೆಯನ್ನು ಬರೆದುಕೊಟ್ಟು, ಅದು ಬರುವವರೆಗೆ ಕಾಯಬೇಕು. ಕಡತ ಬಂದಾಗ ಅಂಚು ಮುರಿಯುವ ಹಳೆಯ ಕಾಗದವನ್ನು ಹಸುಗೂಸಿನಂತೆ ಎತ್ತಿ ಇಳಿಸಬೇಕು. ಅಲ್ಲಿ ಶಾಯಿಯ ಲೇಖನಿಗಿಂತ ಸೀಸದ ಕಡ್ಡಿಯೇ ಲೇಸು. ಒಂದು ದಿನದಲ್ಲಿ ಒಂದು ಸಾಲೂ ಸಿಗದಿರಬಹುದು. ಮರುದಿನ ಬೇರೆ ಯಾವುದೋ ಕೆರೆಯ ದುರಸ್ತಿಯ ಕಡತದಲ್ಲಿ ಹುಡುಕುತ್ತಿದ್ದ ಗುಡಿಯ ಹೆಸರು ಕಂಡೀತು.

ಕಚೇರಿಗಳಲ್ಲಿರುವ ದಾಖಲೆಯನ್ನು ಕೇಳಿ ಪಡೆಯುವ ಹಕ್ಕನ್ನು ೨೦೦೫ರ ಮಾಹಿತಿ ಹಕ್ಕು ಕಾಯಿದೆಯು ಎಲ್ಲ ನಾಗರಿಕರಿಗೂ ಕೊಟ್ಟಿದೆ. ವಯಸ್ಸಿನ ಮಿತಿಯನ್ನು ಅದು ಹೇಳಿಲ್ಲ. ಕರ್ನಾಟಕದಲ್ಲಿ ಅರ್ಜಿಯ ಶುಲ್ಕ ಹತ್ತು ರೂಪಾಯಿ. ಏತಕ್ಕಾಗಿ ಬೇಕೆಂಬ ಕಾರಣವನ್ನು ಅರ್ಜಿದಾರನು ತಿಳಿಸಬೇಕಾಗಿಲ್ಲ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಅರ್ಜಿಯು ತಪ್ಪು ಕಚೇರಿಗೆ ಹೋಗಿದ್ದರೆ ಐದು ದಿನಗಳೊಳಗೆ ಸರಿಯಾದ ಕಚೇರಿಗೆ ಕಳುಹಿಸುವುದು ಅಲ್ಲಿಯ ಅಧಿಕಾರಿಯ ಕರ್ತವ್ಯ. ಉತ್ತರ ಬಾರದಿದ್ದರೆ, ಬಂದ ಉತ್ತರ ತೃಪ್ತಿ ಕೊಡದಿದ್ದರೆ, ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅದರ ಮೇಲೆ ರಾಜ್ಯ ಮಾಹಿತಿ ಆಯೋಗವಿದೆ. ನಕಲು ಪಡೆಯುವುದಷ್ಟೇ ಅಲ್ಲದೆ ಕಡತವನ್ನು ಕಣ್ಣಾರೆ ಪರಿಶೀಲಿಸುವುದಕ್ಕೂ ಕಾಯಿದೆಯಲ್ಲಿ ಅವಕಾಶವಿದೆ.

ಕೇಳುವ ರೀತಿಯನ್ನು ಮಾತ್ರ ಅರಿತಿರಬೇಕು. ‘ಗಾಳಿ ಆಂಜನೇಯ ದೇವಾಲಯ ಎಷ್ಟು ಹಳೆಯದು?’ ಎಂದು ಬರೆದರೆ ಅಧಿಕಾರಿಯು ಉತ್ತರಿಸಲಾರನು. ಏಕೆಂದರೆ ಕಾಯಿದೆಯು ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನೇ ಹೊರತು ಅಧಿಕಾರಿಯ ಅಭಿಪ್ರಾಯವನ್ನಲ್ಲ. ‘ಕೆಂಗೇರಿ ಹೋಬಳಿ ಬ್ಯಾಟರಾಯನಪುರದ ಗಾಳಿ ಆಂಜನೇಯಸ್ವಾಮಿ ದೇವಾಲಯದ ಬಗ್ಗೆ ತಮ್ಮ ಕಚೇರಿಯಲ್ಲಿರುವ ಸಮೀಕ್ಷಾ ವರದಿ, ಶಾಸನದ ಪಾಠ ಹಾಗೂ ರಕ್ಷಿತ ಸ್ಮಾರಕವೆಂಬ ಅಧಿಸೂಚನೆ ಇದ್ದಲ್ಲಿ ಅವುಗಳ ದೃಢೀಕೃತ ನಕಲುಗಳನ್ನು ಕೊಡಬೇಕು’ ಎಂದು ಬರೆದರೆ ಪ್ರಶ್ನೆಗೆ ಕಾಲು ಬರುತ್ತದೆ. ಊರು, ಹೋಬಳಿ, ದಾಖಲೆಯ ಬಗೆ ಎಲ್ಲವೂ ಅದರಲ್ಲಿವೆ. ಉತ್ತರವು ‘ಇದೆ’ ಎಂದೂ ಬರಬಹುದು, ‘ಲಭ್ಯವಿಲ್ಲ’ ಎಂದೂ ಬರಬಹುದು.

ಲಖನೌ ನಗರದ ಶಾಲಾ ಬಾಲಕಿಯೊಬ್ಬಳು ೨೦೧೨ರಲ್ಲಿ ಇಂಥದೇ ಒಂದು ಅರ್ಜಿಯನ್ನು ಪ್ರಧಾನಮಂತ್ರಿಗಳ ಕಚೇರಿಗೆ ಕಳುಹಿಸಿದಳು. ಗಾಂಧೀಜಿಯವರಿಗೆ ‘ರಾಷ್ಟ್ರಪಿತ’ ಎಂಬ ಬಿರುದನ್ನು ಕೊಟ್ಟ ಸರ್ಕಾರದ ಆದೇಶದ ನಕಲು ಅವಳಿಗೆ ಬೇಕಾಗಿತ್ತು. ದೇಶದ ಮಕ್ಕಳೆಲ್ಲ ಪಾಠದಲ್ಲಿ ಓದುವ ಮಾತು. ಆದೇಶ ಇದ್ದೇ ಇರಬೇಕೆಂದು ಯಾರಾದರೂ ಭಾವಿಸಿಯಾರು. ಅರ್ಜಿಯು ಪ್ರಧಾನಮಂತ್ರಿಗಳ ಕಚೇರಿಯಿಂದ ಗೃಹ ಸಚಿವಾಲಯಕ್ಕೂ ಅಲ್ಲಿಂದ ರಾಷ್ಟ್ರೀಯ ಪತ್ರಾಗಾರಕ್ಕೂ ಹೋಯಿತು. ಅಂಥ ನಿರ್ದಿಷ್ಟ ದಾಖಲೆ ತಮ್ಮಲ್ಲಿಲ್ಲವೆಂದು ಪತ್ರಾಗಾರದವರು ಅವಳಿಗೆ ಬರೆದರು. ಬೇಕಾದರೆ ಬಂದು ಅಲ್ಲಿಯ ದಾಖಲೆಗಳನ್ನು ತಾನೇ ಹುಡುಕಿ ನೋಡಬಹುದೆಂದೂ ತಿಳಿಸಿದರು.